ಹೆಸರಿಲ್ಲದ ದನಿಗಳು

ಆಕಾಶವಾಣಿಯಲ್ಲಿ ವಾರ್ತೆ ಓದುವವರಿಗೆ ಹೆಸರಿತ್ತು, ಉದ್ಘೋಷಕರಿಗೆ ಹೆಸರಿರಲಿಲ್ಲ. "ಓದುತ್ತಿರುವವರು" ಎಂದ ಕೂಡಲೇ ಒಂದು ಹೆಸರು ಬರಲೇಬೇಕು. 1974ರಲ್ಲಿ ಸಂಸ್ಕೃತ ವಾರ್ತೆ ಶುರುವಾದ ಮೇಲಂತೂ ಸಂಸ್ಕೃತದ ಗಂಧವೇ ಇಲ್ಲದ ಮನೆಗಳ ಮಕ್ಕಳು ಕೂಡ ಹಲ್ಲುಜ್ಜುತ್ತಾ "ಪ್ರವಾಚಕಃ ಬಲದೇವಾನಂದ ಸಾಗರಃ" ಎಂದು ವಿಸರ್ಗ ಸಮೇತ ಒದರುತ್ತಿದ್ದವು. ಬೆಂಗಳೂರಿನ ಸುದ್ದಿ ವಿಭಾಗದಲ್ಲಿದ್ದ ನಾಗಮಣಿ ಎಸ್. ರಾವ್ ಅವರ ಹೆಸರು, ಅವರ ಮುಖವನ್ನೇ ಕಾಣದ ಮನೆಗಳಲ್ಲೂ ನೆಂಟರ ಹೆಸರಿನಷ್ಟು ಸಲೀಸಾಗಿ ಓಡಾಡುತ್ತಿತ್ತು. ಆದರೆ ಬೆಳಗಿನ ಜಾವ ನಿಲಯದ ಬಾಗಿಲು ತೆರೆದು, "ಈಗ ಸಮಯ" ಎಂದು ಗಂಟೆ ಹೇಳಿ, ಮುಂದಿನ ಹಾಡು ಯಾರದು, ರಾಗ ಯಾವುದು, ಪಕ್ಕವಾದ್ಯದಲ್ಲಿ ಯಾರ್ಯಾರಿದ್ದಾರೆ ಎಂದು ಒಬ್ಬರನ್ನೂ ಬಿಡದೆ ಹೆಸರಿಸಿ, ನಡುವೆ ಏನಾದರೂ ಕೆಟ್ಟರೆ "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ತಮ್ಮದಲ್ಲದ ತಪ್ಪಿಗೆ ತಾವು ಕ್ಷಮೆ ಕೇಳಿ, ರಾತ್ರಿ ಹನ್ನೊಂದಕ್ಕೆ ಎಲ್ಲರಿಗೂ ನಮಸ್ಕಾರ ಹೇಳಿ ಬಾಗಿಲು ಮುಚ್ಚುತ್ತಿದ್ದರಲ್ಲ, ಅವರ ಹೆಸರು ಮಾತ್ರ ಯಾರೂ ಹೇಳುತ್ತಿರಲಿಲ್ಲ. ದಿನವಿಡೀ ಲೋಕದವರ ಹೆಸರನ್ನೆಲ್ಲ ಹೇಳುವವರು ತಮ್ಮ ಹೆಸರು ಹೇಳಿಕೊಳ್ಳಬಾರದೆಂಬುದು ಅಂದಿನ ಮರ್ಯಾದೆ.

ಬೆಳಗ್ಗೆ ನಿಲಯ ತೆರೆಯುವ ಮುನ್ನ ಬರುತ್ತಿದ್ದ ಆ ಪಿಟೀಲಿನ ಸ್ವರಮಾಲೆ ನಿಮಗೂ ನೆನಪಿರಬಹುದು. ತಂಬೂರಿಯ ಮೇಲೆ ತೇಲಿ ಬರುವ, ಯಾಕೋ ಹೊಟ್ಟೆಯೊಳಗೆ ಸಂಕಟವಾಗಿಸುವ ಆ ನಾದವನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರು. ಹಿಟ್ಲರನ ಕಾಲದಲ್ಲಿ ಯೂರೋಪು ಬಿಟ್ಟು ಮುಂಬಯಿಗೆ ಬಂದು, ಅಲ್ಲಿನ ರೇಡಿಯೋ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಕೆಲಸಕ್ಕಿದ್ದವರು. ಸ್ವಂತ ಊರು ಕಳೆದುಕೊಂಡವರೊಬ್ಬರು ಕಟ್ಟಿಕೊಟ್ಟ ಸ್ವರ ನಮ್ಮ ಸಾವಿರಾರು ಊರುಗಳಲ್ಲಿ ಹಾಲು ಕಾಯಿಸುವ ಹೊತ್ತಿನ ಗುರುತಾಯಿತು. ಅವರ ಹೆಸರನ್ನೂ ಆಗ ಯಾರೂ ಹೇಳಲಿಲ್ಲ. ನನಗೆ ಗೊತ್ತಾದದ್ದು ತಲೆ ನರೆತ ಮೇಲೆ.

ಕನ್ನಡನಾಡಿನಲ್ಲಿ ರೇಡಿಯೋ ಶುರುವಾದದ್ದು ಸರ್ಕಾರದಿಂದಲ್ಲ, ಒಬ್ಬ ಮೇಷ್ಟರ ಮನೆಯಿಂದ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರ ತೆರೆದರು. ಅದರ ಶಕ್ತಿ 30 ವ್ಯಾಟ್. ನಮ್ಮ ಬಚ್ಚಲಮನೆಯ ಬಲ್ಬಿಗೆ ಇದಕ್ಕಿಂತ ಹೆಚ್ಚು ಶಕ್ತಿಯಿತ್ತು! ಮುಂದೆ ಅದು 250 ವ್ಯಾಟಿನದಾಯಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ಅಂದಿನವರು ಕೇಳಿರಬಹುದು. ಮನುಷ್ಯನ ಮನಸ್ಸಿಗೆ ಕಿವಿಯಿಂದ ಹತ್ತಿರದ ದಾರಿ ಇನ್ನೊಂದಿಲ್ಲ ಎಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು ಎಂದು ನಾನು ಅಂದುಕೊಳ್ಳುತ್ತೇನೆ. ಕೈಯಿಂದ ದುಡ್ಡು ಹಾಕಿ ವರ್ಷಗಟ್ಟಲೆ ಅವರು ಅದನ್ನು ನಡೆಸಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿಹೋಯಿತು.

ಆ ಮನೆಯ ರೇಡಿಯೋಗೆ ಇಟ್ಟ ಹೆಸರೇ 'ಆಕಾಶವಾಣಿ'. ಹೆಸರು ಹೊಳೆದದ್ದು ಗೋಪಾಲಸ್ವಾಮಿಯವರಿಗೆ ಎಂದು ಕೆಲವರು, ಅವರ ಜೊತೆ ದುಡಿದ ಹಾಸ್ಯಲೇಖಕ ನಾ. ಕಸ್ತೂರಿಯವರಿಗೆ ಎಂದು ಕೆಲವರು. ಇಬ್ಬರಲ್ಲಿ ಯಾರದಾದರೂ ಇರಲಿ, ಪುರಾಣದಲ್ಲಿ ಕಂಸನನ್ನು ನಡುಗಿಸಿದ ಮಾತನ್ನು ತಂದು ಒಂದು ಮರದ ಪೆಟ್ಟಿಗೆಗೆ ಅಂಟಿಸಿದ್ದು ಸಣ್ಣ ಜಾಣತನವಲ್ಲ. ಅಶರೀರವಾಣಿ ಎಂದರೆ ದೇಹವಿಲ್ಲದ ಮಾತು. ಮಾತು ಕೇಳಿಸಬೇಕು, ಆಡಿದವರು ಕಾಣಬಾರದು. 1950ರ ದಶಕದಲ್ಲಿ ದೇಶದ ರೇಡಿಯೋ ಎಲ್ಲ ಇದೇ ಹೆಸರನ್ನು ತನ್ನದಾಗಿಸಿಕೊಂಡಿತು. 2023ರಲ್ಲಿ ಇಂಗ್ಲಿಷಿನಲ್ಲೂ ಆಲ್ ಇಂಡಿಯಾ ರೇಡಿಯೋ ಎನ್ನುವುದನ್ನು ಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂದು ಆದೇಶವಾಯಿತು. ಮೈಸೂರಿನ ಒಂದು ಮನೆಯಲ್ಲಿ ಇಟ್ಟ ಹೆಸರು ಹೀಗೆ ಇಡೀ ದೇಶದ್ದಾಯಿತು.

ಮೈಸೂರಿನ ಮಾತು ಬಂದಾಗ ನನಗೆ ಇನ್ನೊಬ್ಬಳ ನೆನಪಾಗುತ್ತದೆ. ಆಕೆ ರೇಡಿಯೋದವಳಲ್ಲ, ಗ್ರಾಮಫೋನಿನವಳು. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಮೊದಲ ಹಿಂದೂಸ್ಥಾನಿ ತಟ್ಟೆಗಳಿಗೆ ಹಾಡಿದ ಗೌಹರ್ ಜಾನ್. ಮೂರು ನಿಮಿಷದ ಹಾಡು ಮುಗಿಯುತ್ತಿದ್ದಂತೆ ಆಕೆ ಎತ್ತರದ ದನಿಯಲ್ಲಿ, ಇಂಗ್ಲಿಷಿನಲ್ಲಿ, "ನನ್ನ ಹೆಸರು ಗೌಹರ್ ಜಾನ್" ಎಂದು ಕೂಗಿ ಹೇಳುತ್ತಿದ್ದಳು. ಅಚ್ಚಿಗಾಗಿ ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಬೇಕು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗುರುತು ಸಿಗಬೇಕು. ಅದಕ್ಕೆ ಈ ಏರ್ಪಾಟು. ಕಾರಣ ಏನೇ ಇದ್ದರೂ ಇಂದಿಗೂ ಆ ತಟ್ಟೆ ಕೇಳಿದರೆ ಹಾಡಿಗಿಂತ ಆ ಕೂಗೇ ಮೈ ಜುಮ್ಮೆನ್ನಿಸುತ್ತದೆ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಐದು ವರ್ಷ ಕಳೆದು ಅದೇ ಊರಿನಲ್ಲಿ ಆಕಾಶವಾಣಿ ಹುಟ್ಟಿತು. ತನ್ನ ಹೆಸರನ್ನು ತಾನೇ ಹೇಳಿ ಉಳಿಸಿಕೊಂಡವಳು ಮಲಗಿದ ಊರಿನಲ್ಲಿ, ಹೆಸರು ಹೇಳದ ದನಿಗಳ ಕಾಲ ಶುರುವಾದದ್ದನ್ನು ಏನೆನ್ನಬೇಕೋ.

ಗೌಹರ್ ಜಾನಳಂಥವರಿಗೆ ರೇಡಿಯೋ ಮುಂದೆ ಬಾಗಿಲು ಹಾಕಿದ್ದೂ ಉಂಟು. ಮೊದಮೊದಲು ಉತ್ತರದ ಕೇಂದ್ರಗಳಲ್ಲಿ ಹಾಡಲು ಸಿಗುತ್ತಿದ್ದವರೇ ಅವರು. ಬೇರೆ ಮನೆಗಳ ಹೆಣ್ಣುಮಕ್ಕಳು ಹೊರಗೆ ಬಂದು ಹಾಡುವ ಕಾಲ ಅದಲ್ಲ. ಆದರೆ ಸ್ವಾತಂತ್ರ್ಯ ಬರುವ ಹೊಸ್ತಿಲಲ್ಲಿ, ಖಾಸಗಿ ಬಾಳು ಲೋಕಾಪವಾದಕ್ಕೆ ಗುರಿಯಾದವರು ರೇಡಿಯೋದಲ್ಲಿ ಹಾಡಕೂಡದು ಎಂಬ ಕಟ್ಟಳೆ ಬಂತು. ಹಾಡುವ ಗಂಡಸರ ಖಾಸಗಿ ಬಾಳನ್ನು ಯಾರು ಹೋಗಿ ವಿಚಾರಿಸಿದರೋ ಕಾಣೆ. ಹಾರ್ಮೋನಿಯಂಗೂ ಹೀಗೇ 1940ರಿಂದ ಮೂವತ್ತು ವರ್ಷ ಬಹಿಷ್ಕಾರವಿತ್ತು. ಅದರ ಸ್ವರ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ಕಾರಣ ಕೊಟ್ಟರು. ಪೆಟ್ಟಿಗೆಯ ಮೇಲಿನ ಬಹಿಷ್ಕಾರವನ್ನು ಮುಂದೆ ತೆಗೆದರು, ಎಲ್ಲರಿಗೂ ಗೊತ್ತಾಯಿತು. ಆ ಹೆಂಗಸರು ಎಲ್ಲಿ ಹೋದರು ಎಂದು ಕೇಳುವವರು ಕಡಿಮೆ.

ನಮ್ಮ ಊರು ಅರಸೀಕೆರೆಯ ಹತ್ತಿರ. ರೈಲು ಎಲ್ಲ ದಿಕ್ಕಿಗೂ ಹೋಗುವ ಸೀಮೆ. ರೇಡಿಯೋ ಅಲೆಗಳೂ ಹಾಗೆಯೇ ಎಲ್ಲ ದಿಕ್ಕಿನಿಂದ ಬಂದು ಸೇರುತ್ತಿದ್ದವು. ಮುಳ್ಳು 612ರ ಹತ್ತಿರ ನಿಂತರೆ ಬೆಂಗಳೂರು, 675ಕ್ಕೆ ಭದ್ರಾವತಿ, ಇನ್ನೂ ಸ್ವಲ್ಪ ಬಲಕ್ಕೆ 765ರಲ್ಲಿ ಧಾರವಾಡ. ಧಾರವಾಡ ಹಗಲಿನಲ್ಲಿ ತೆಳ್ಳಗೆ ಕೇಳಿಸಿ, ಕತ್ತಲಾದ ಮೇಲೆ ಪಕ್ಕದ ಮನೆಗೆ ಬಂದಂತೆ ಬರುತ್ತಿತ್ತು. ಮಧ್ಯಮ ತರಂಗಗಳ ಗುಣವೇ ಅದು; ಸೂರ್ಯ ಮುಳುಗಿದ ಮೇಲೆ ಮೇಲಿನ ಆಕಾಶಕ್ಕೆ ತಾಗಿ ಪುಟಿದು ದೂರದೂರಕ್ಕೆ ಹೋಗುತ್ತವೆ. ನಮಗೆ ಆಗ ಅದೆಲ್ಲ ಗೊತ್ತಿಲ್ಲ. ರಾತ್ರಿಯ ಹೊತ್ತು ಗದ್ದಲ ಕಡಿಮೆ, ಅದಕ್ಕೇ ಕೇಳಿಸುತ್ತದೆ ಎಂದು ಅಜ್ಜಿ ವಿವರಣೆ ಕೊಟ್ಟಿದ್ದಳು. ನಡುಮನೆಯ ಗೋಡೆಗೂಡಿನಲ್ಲಿ ಮರ್ಫಿ ರೇಡಿಯೋ. ಅದಕ್ಕೆ ಅಮ್ಮ ಕಸೂತಿ ಹಾಕಿದ ಹೊದಿಕೆ. ಗುಂಡಿ ತಿರುಗಿಸಿದರೆ ಒಳಗಿನ ವಾಲ್ವು ಕಾದು ಹಸಿರು ಕಣ್ಣು ಬಿಡುವ ತನಕ ಕಾಯಬೇಕು. ಮಾಡಿನ ಉದ್ದಕ್ಕೆ ತಾಮ್ರದ ಜಾಲರಿಯ ಏರಿಯಲ್. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ 15 ರೂಪಾಯಿ ಲೈಸೆನ್ಸ್ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುವುದು ಅಪ್ಪನ ಕೆಲಸ. ರೇಡಿಯೋ ಕೇಳಲು ಲೈಸೆನ್ಸೇ ಎಂದು ಈಗಿನ ಮಕ್ಕಳು ನಗುತ್ತಾರೆ. 1980ರ ದಶಕದ ನಡುವಿನ ತನಕ ಅದು ಇತ್ತು.

ಒಂದೊಂದು ಕೇಂದ್ರಕ್ಕೂ ಒಂದೊಂದು ನಡೆ. ಧಾರವಾಡ ಶುರುವಾದದ್ದು 1950ರ ಜನವರಿಯಲ್ಲಿ, ಏಕೀಕರಣಕ್ಕೆ ಇನ್ನೂ ಆರು ವರ್ಷ ಇರುವಾಗ. ಅದಕ್ಕೆ ಮೊದಲು ಆ ಕಡೆಯ ಕನ್ನಡಿಗರು ಮುಂಬಯಿಯವರು ಕೊಟ್ಟಷ್ಟು ಹೊತ್ತಿನ ಕನ್ನಡ ಕೇಳಬೇಕಿತ್ತು. ಹೈದರಾಬಾದ್ ಸೀಮೆಯವರಿಗೆ ನಿಜಾಮರ ಡೆಕ್ಕನ್ ರೇಡಿಯೋದಲ್ಲಿ ಉರ್ದುವಿನ ಪಕ್ಕದಲ್ಲಿ ಒಂದಿಷ್ಟು ಜಾಗ. ಧಾರವಾಡದ ಕೇಂದ್ರದಲ್ಲಿ ಬೇಂದ್ರೆ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರು, ಹಾಸ್ಯದ ಎನ್ಕೆ ಕುಲಕರ್ಣಿಯವರು ಅಲ್ಲಿ ಕೆಲಸ ಮಾಡಿದರು. ಇಂಥವರು ಓಡಾಡಿದ ಕಾರಿಡಾರಿನಲ್ಲಿ ಉದ್ಘೋಷಕರ ಮಾತು ಒರಟಾಗುವುದು ಹೇಗೆ ಸಾಧ್ಯ? ಮೈಸೂರಿನ ಕೇಂದ್ರ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿನವರು ಮತ್ತೆ ತಮ್ಮದೆಂಬ ಕೇಂದ್ರಕ್ಕೆ 1974ರ ತನಕ ಕಾದರು. ಭದ್ರಾವತಿಗೆ 1965ರಲ್ಲಿ, ಗುಲ್ಬರ್ಗಕ್ಕೆ 1966ರಲ್ಲಿ, ಮಂಗಳೂರಿಗೆ 1976ರಲ್ಲಿ ಕೇಂದ್ರ ಬಂತು. ಬೆಂಗಳೂರಿನ ಉದ್ಘೋಷಕಿ ಇಸ್ತ್ರಿ ಹಾಕಿದ ಸೀರೆ ಉಟ್ಟು ಮಾತಾಡಿದಂತೆ ಇರುತ್ತಿತ್ತು. ಧಾರವಾಡದವರ ಮಾತಿನಲ್ಲಿ ಗ್ರಾಂಥಿಕದ ಕೆಳಗೇ ಒಂದು ಏರಿಳಿತ, ಮನೆಯೊಳಗೆ ಕರೆದು ಮಣೆ ಹಾಕಿದಂತೆ. ಭದ್ರಾವತಿಯದು ನಮ್ಮದೇ ಮಾತು, ಹಾಗಾಗಿ ಅದರ ಬಗ್ಗೆ ನಮಗೆ ಹೆಚ್ಚು ಭಯಭಕ್ತಿ ಇರಲಿಲ್ಲ.

ಹೆಸರಿದ್ದವರು ಎಂದರೆ ಹಳ್ಳಿಗರ ಕಾರ್ಯಕ್ರಮದವರು. ಅವೂ ಅವರ ಸ್ವಂತ ಹೆಸರಲ್ಲ, ವೇಷದ ಹೆಸರು. ಬೆಂಗಳೂರಿನ ಈರಣ್ಣ ಎಂದರೆ ನಾಟಕದ ಎ.ಎಸ್. ಮೂರ್ತಿಯವರು. ಗೊಬ್ಬರ, ಬಿತ್ತನೆ, ಸಾಲದ ಬಡ್ಡಿ ಎಲ್ಲವನ್ನೂ ಕಟ್ಟೆಯ ಮೇಲೆ ಕೂತು ಹರಟಿದಂತೆ ಹೇಳುವ ಆ ಈರಣ್ಣನಿಗೆ ನಿಜವಾಗಿಯೂ ಹೊಲ ಇದೆ, ಜೋಡಿ ಎತ್ತು ಇದೆ ಎಂದು ನಮ್ಮೂರ ಅರ್ಧ ಜನ ನಂಬಿದ್ದರು. ಮಧ್ಯಾಹ್ನದ 'ವನಿತಾ ವಿಹಾರ'ದಲ್ಲಿ ಮಾತ್ರ ಹೆಂಗಸರು ತಮ್ಮ ಹೆಸರಿನಲ್ಲೇ ಬಂದು ಹತ್ತು ನಿಮಿಷ ಮಾತಾಡಿ ಹೋಗುತ್ತಿದ್ದರು. ಕೈ ತೊಳೆದು, ಎಲೆ ಎತ್ತಿ, ಸೆರಗಿಗೆ ಕೈ ಒರೆಸಿಕೊಂಡು ಕೂರುವ ಹೊತ್ತಿಗೆ ಸರಿಯಾಗಿ ಬರುವ ಕಾರ್ಯಕ್ರಮ ಅದು. ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ಏನು ಮಾಡಬೇಕು ಎಂಬುದರ ಪಕ್ಕದಲ್ಲೇ ಹೆಣ್ಣುಮಗಳಿಗೆ ಆಸ್ತಿಯಲ್ಲಿ ಹಕ್ಕಿದೆಯೇ ಎಂಬ ವಕೀಲರೊಬ್ಬರ ಮಾತೂ ಬರುತ್ತಿತ್ತು. ಮೊದಲನೆಯದಕ್ಕೆ ಮನೆಯ ಗಂಡಸರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎರಡನೆಯದು ಬಂದಾಗ ಯಾರಿಗಾದರೂ ತಟಕ್ಕನೆ ಕ್ರಿಕೆಟ್ ಕಾಮೆಂಟರಿಯ ನೆನಪಾಗುವುದು!

ಸಿನಿಮಾ ಹಾಡಿನ ಕಥೆಯೇ ಬೇರೆ. ಬಿ.ವಿ. ಕೇಸ್ಕರ್ ಎಂಬ ಮಂತ್ರಿಗಳು 1952ರಿಂದ ಹತ್ತು ವರ್ಷ ಆ ಖಾತೆಯಲ್ಲಿದ್ದರು. ಸಿನಿಮಾ ಹಾಡು ಕೇಳಿ ದೇಶದ ಕಿವಿ ಕೆಡುತ್ತದೆ ಎಂದು ಅವರ ನಂಬಿಕೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬತ್ತಿಹೋಯಿತು. ದೇಶವೆಲ್ಲ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿಯಿತು. ಅಲ್ಲಿ ಅಮೀನ್ ಸಯಾನಿ "ಬೆಹನೋ ಔರ್ ಭಾಯಿಯೋ" ಎಂದು, ರೂಢಿ ತಿರುಗಿಸಿ, ಅಕ್ಕತಂಗಿಯರನ್ನೇ ಮೊದಲು ಕರೆದರು. ಹಿಂದಿ ಬಾರದ ನಮ್ಮ ಚಿಕ್ಕಮ್ಮಂದಿರಿಗೂ ಆ ಎರಡು ಪದ ಬರುತ್ತಿದ್ದವು. ಸಿಲೋನಿನವರಿಗೆ ಹೆಸರಿತ್ತು, ನಗುವಿತ್ತು, ಸರಸವಿತ್ತು. 1957ರಲ್ಲಿ ವಿವಿಧ ಭಾರತಿ ತೆರೆದು ಸರ್ಕಾರವೇ ಸೋತು ಸಿನಿಮಾ ಹಾಡು ಹಾಕತೊಡಗಿತು. ಆದರೂ ನಮ್ಮ ಕೇಂದ್ರಗಳ ಉದ್ಘೋಷಕರು ತಮ್ಮ ಹದ ಬಿಡಲಿಲ್ಲ. ಪ್ರೇಮಗೀತೆಯನ್ನೂ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಕೊಟ್ಟ ಹಾಗೆ, ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ಎಣಿಸಿ ಕೊಡುತ್ತಿದ್ದರು. ಆಗ ಅದನ್ನು ಕೇಳಿ ನಗುತ್ತಿದ್ದೆವು. ಈಗಿನ ಖಾಸಗಿ ಎಫ್.ಎಂ.ಗಳಲ್ಲಿ ಹಾಡು ಬರೆದವರ ಹೆಸರನ್ನೇ ಹೇಳದಿರುವುದನ್ನು ಕೇಳಿದಾಗ, ಆ ರಿಜಿಸ್ಟರ್ ಅಂಚೆಯೇ ಮೇಲಿತ್ತು ಅನಿಸುತ್ತದೆ.

ಅವರ ಮಾತು ಎಷ್ಟು ಹದದ್ದಾಗಿತ್ತೆಂದರೆ, ಹದ ಒಂದಿಷ್ಟು ಬದಲಾದರೂ ನಮಗೆ ತಿಳಿಯುತ್ತಿತ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರಿಗೆ ಗುಂಡು ತಗುಲಿದ ದಿನ. ಹೊರದೇಶದ ರೇಡಿಯೋಗಳು ಮಧ್ಯಾಹ್ನಕ್ಕೇ ಸಾವಿನ ಸುದ್ದಿ ಹೇಳಿದರೂ ನಮ್ಮ ಆಕಾಶವಾಣಿ ಅದನ್ನು ಹೇಳಿದ್ದು ಸಂಜೆ. ನಮ್ಮ ಮನೆಯಲ್ಲಿ ಯಾರೂ ಬಿಬಿಸಿ ಕೇಳುವವರಲ್ಲ. ಆದರೆ ಹಾಡು ಬರಬೇಕಾದಲ್ಲಿ ಬರೀ ವಾದ್ಯ ಬರತೊಡಗಿತು. ನಡುವೆ ಸಮಯ ಹೇಳಲು ಬಂದ ಉದ್ಘೋಷಕಿಯ ದನಿ ಒಣಗಿತ್ತು. ಅಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, "ಹೋಗಿಬಿಟ್ಟರು ಅನ್ನಿಸುತ್ತೆ ಕಣೆ. ಅವಳಿಗೆ ಗೊತ್ತಿದೆ, ಹೇಳೋ ಹಾಗಿಲ್ಲ" ಎಂದಳು. ಗಂಟೆ ಎಷ್ಟಾಯಿತು ಎಂಬ ನಾಲ್ಕು ಪದಗಳಲ್ಲಿ ಅಷ್ಟು ಕೇಳಿಸಿಕೊಂಡಳು.

ನನ್ನ ಅಜ್ಜಿ, ಅಂದರೆ ಅಮ್ಮನ ತಾಯಿ, ರೇಡಿಯೋದಲ್ಲಿ ಹಾಡಿದ್ದು 1976ರಲ್ಲಿ. ಯಾವ ಕೇಂದ್ರ ಎಂಬುದು ಇಲ್ಲಿ ಬೇಡ. ಅಮ್ಮ ಹೆಂಗಸರ ಕಾರ್ಯಕ್ರಮಕ್ಕೆ ಬೀಸುವ ಪದಗಳ ಬಗ್ಗೆ ಒಂದು ಭಾಷಣ ಬರೆದು ಕಳಿಸಿದ್ದಳು. ಹಾಡುವವರು ಇದ್ದರೆ ಕರೆತನ್ನಿ ಎಂದು ಅವರು ಬರೆದರು. ಕರಾರುಪತ್ರ ಬಂತು. ಆಕಾಶವಾಣಿಯ ಕರಾರು ಆಗುತ್ತಿದ್ದದ್ದು ಭಾರತದ ರಾಷ್ಟ್ರಪತಿಗಳ ಪರವಾಗಿ. ಕಾಗದದಲ್ಲಿ ಹಾಗೆಂದು ಅಚ್ಚಾಗಿರುತ್ತಿತ್ತು. ಅಪ್ಪ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದೇ ತಡ, ಅಜ್ಜಿ ಊರೆಲ್ಲ ಒಂದು ಸುತ್ತು ಬಂದು, "ರಾಷ್ಟ್ರಪತಿಗಳು ಬೀಸೋ ಪದ ಕೇಳ್ಬೇಕಂತೆ. ಪಾಪ, ಅವರಮ್ಮ ಹೇಳ್ತಿದ್ದರೋ ಏನೋ" ಎಂದಳು.

ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅದೊಂದು ಅಜ್ಜಿಗೆ ಬಲು ಹಿಡಿಸಿತು. ದೇವಸ್ಥಾನದ ಹಾಗೇ ಇದೆ ಎಂದಳು. ಎರಡೆರಡು ದಪ್ಪ ಬಾಗಿಲು, ನೆಲಕ್ಕೆ ಜಮಖಾನ, ಗೋಡೆಯಲ್ಲೆಲ್ಲ ತೂತು, ಬಾಗಿಲ ಮೇಲೆ ಕೆಂಪು ದೀಪ. ದೀಪ ಹತ್ತಿತು, ಅಜ್ಜಿಯ ಬಾಯಿ ಕಟ್ಟಿತು. ಹಾಡು ಬರುತ್ತಿಲ್ಲ. ಪದ ಗೊತ್ತು, ಧಾಟಿ ಗೊತ್ತು, ಆದರೆ ಕಲ್ಲಿಲ್ಲದೆ ಹೇಗೆ ಬಂದೀತು? ನಲವತ್ತು ವರ್ಷ ರಾಗಿ ಬೀಸುತ್ತಲೇ ಹಾಡಿದವಳು, ಸುಮ್ಮನೆ ಕೂತು ಒಂದು ಸಾಲನ್ನೂ ಹಾಡಿದವಳಲ್ಲ. ಅಲ್ಲಿದ್ದ ಹೆಣ್ಣುಮಗಳೊಬ್ಬರು, ಆ ದಿನದ ಪಾಳಿಯ ಉದ್ಘೋಷಕಿ ಇರಬೇಕು, ಒಳಗೆ ಬಂದು ಅಜ್ಜಿಯ ಎದುರು ನೆಲದ ಮೇಲೆ ಕೂತರು. ಒಂದು ಉದ್ದನೆಯ ಪೆನ್ಸಿಲನ್ನು ನೆಟ್ಟಗೆ ಹಿಡಿದು, "ಇದೇ ಗೂಟ ಅಂದ್ಕೊಳ್ಳಿ ಅಮ್ಮ, ನಾನೂ ಹಿಡೀತೀನಿ, ಬೀಸೋಣ" ಎಂದರು. ಇಬ್ಬರೂ ಪೆನ್ಸಿಲ್ ಹಿಡಿದು ಗಾಳಿಯಲ್ಲಿ ಬೀಸಿದರು. ಮೂರು ಪದ ಬಂದವು, ಹನ್ನೆರಡು ನಿಮಿಷ. ಕಲ್ಲಿನ ಸದ್ದೊಂದಿರಲಿಲ್ಲ, ಅಷ್ಟೆ.

ಪ್ರಸಾರದ ದಿನ ನಮ್ಮ ನಡುಮನೆ ತುಂಬಿ ಜನ ಜಗಲಿಯ ಮೇಲೂ ನಿಂತಿದ್ದರು. ಅದೇ ಹೆಣ್ಣುಮಗಳ ದನಿಯಲ್ಲಿ, ಶ್ರೀಮತಿ ಎಂದು ಸೇರಿಸಿ, ಅಜ್ಜಿಯ ಪೂರ್ತಿ ಹೆಸರು ಬಂತು. ಒಂದು ಗಳಿಗೆ ಯಾರಿಗೂ ಅದು ಯಾರೆಂದೇ ಹೊಳೆಯಲಿಲ್ಲ. ಅಜ್ಜಿ ಊರಿಗೆಲ್ಲ 'ಮೇಷ್ಟರ ಅತ್ತೆ'. ಅದಕ್ಕೂ ಮೊದಲು ಯಾರದೋ ಸೊಸೆ, ಯಾರದೋ ಹೆಂಡತಿ. ಅವಳಿಗೊಂದು ಹೆಸರಿದೆಯೆಂದು ನನಗೆ ತಿಳಿದದ್ದು ಆ ಮಧ್ಯಾಹ್ನವೇ. ಹಾಡು ಶುರುವಾದ ಮೇಲೆ ಅಜ್ಜಿ ರೇಡಿಯೋವನ್ನೇ ದಿಟ್ಟಿಸಿ ನೋಡಿ, "ಇದು ನಾನಲ್ಲ ಕಣೆ. ನಮ್ಮಮ್ಮ" ಎಂದು ಅಮ್ಮನ ಕೈ ಹಿಡಿದುಕೊಂಡಳು. ತಮ್ಮ ದನಿಯನ್ನು ಮೊದಲ ಸಲ ಹೊರಗಿನಿಂದ ಕೇಳಿದವರಿಗೆಲ್ಲ ಅದು ಬೇರೆಯವರದೆನಿಸುವುದು ಸಹಜ. ಅಜ್ಜಿಗೆ ಸತ್ತ ತಾಯಿಯದೆನಿಸಿತು.

1980ರಲ್ಲಿ ಅಜ್ಜಿ ಹೋದಳು. ಕೆಲವು ವರ್ಷ ಕಳೆದು ಅಮ್ಮ ಆ ಟೇಪು ಕೇಳಿ ಬರೆದಾಗ, ಸಂಗ್ರಹದಲ್ಲಿ ಇಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಅಮ್ಮ ಬೈಯಲಿಲ್ಲ, ನಾನೂ ಬೈಯುವುದಿಲ್ಲ. ಆ ಕಾಲದಲ್ಲಿ ಟೇಪೆಂದರೆ ದುಬಾರಿಯ ಸಾಮಾನು. ಪ್ರಸಾರವಾದ ಮೇಲೆ ಆಯ್ದ ಕೆಲವನ್ನು ತೆಗೆದಿಟ್ಟು, ಮಿಕ್ಕವನ್ನು ಅಳಿಸಿ ಅದರ ಮೇಲೇ ಇನ್ನೊಂದನ್ನು ಮುದ್ರಿಸುವುದು ನಮ್ಮಲ್ಲಷ್ಟೇ ಅಲ್ಲ, ಲೋಕದ ರೇಡಿಯೋಗಳಲ್ಲೆಲ್ಲ ಇದ್ದ ಪದ್ಧತಿ. ಸ್ಲೇಟು ಒರೆಸಿದ ಹಾಗೆ. ಹಾಗೆ ಒರೆಸದೆ ತೆಗೆದಿಟ್ಟವು ಯಾವುವು ಎಂದು ನೋಡಿದರೆ, ದೊಡ್ಡ ವಿದ್ವಾಂಸರ ಕಚೇರಿಗಳು, ಕವಿಗಳ ಮಾತು, ನಾಯಕರ ಭಾಷಣ. ಅವು ಉಳಿದದ್ದು ನಮ್ಮ ಪುಣ್ಯ. ಮನಸೂರರನ್ನೂ ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನೂ ಇಂದು ಕೂತಲ್ಲೇ ಕೇಳುತ್ತೇವೆ. ಆದರೆ ಹಾಗೆ ತೆಗೆದಿಡುವಾಗಲೂ ಹಾಡು ಶುರುವಾದಲ್ಲಿಂದ ಇಡುತ್ತಾರೆ. ಹಾಡಿಗೆ ಮುಂಚಿನ ಆ ಎರಡು ವಾಕ್ಯ, ಕಛೇರಿಗೆ ಚಪ್ಪರ ಹಾಕಿದ ಆ ದನಿ, ಅದನ್ನು ಇಡಬೇಕೆಂದು ಯಾರಿಗೆ ಹೊಳೆದೀತು? ಅದು ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ದಿನಾ ಬರುವುದನ್ನು ಯಾರೂ ಎತ್ತಿಡುವುದಿಲ್ಲ. ಮನೆಯಲ್ಲಿ ದಿನಾ ಮಾಡುವ ಸಾರಿನ ರುಚಿಯನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ?

ನಾವು ಮನೆಯವರು ಇನ್ನೂ ಒಂದು ಕೈ ಮುಂದೆ. 1980ರ ಹೊತ್ತಿಗೆ ದುಬೈಗೆ ಹೋದವರು ಟೂ-ಇನ್-ಒನ್ ತಂದು ಊರೂರಿಗೆ ಕ್ಯಾಸೆಟ್ ಬಂತು. ರೇಡಿಯೋದಿಂದ ಮೆಚ್ಚಿನ ಹಾಡು ಹಿಡಿದಿಟ್ಟುಕೊಳ್ಳುವುದು ದೊಡ್ಡ ಹುಚ್ಚು. ಉದ್ಘೋಷಕಿ ಮಾತಾಡುವಾಗ ಒಂದು ಬೆರಳು ಗುಂಡಿ ಒತ್ತಿಕೊಂಡೇ ಇರಬೇಕು. ಅವರ ಮಾತು ಮುಗಿದು ಹಾಡಿನ ಮೊದಲ ಸ್ವರ ಹೊರಟ ಕೂಡಲೇ ಬಿಡಬೇಕು. ಮಾತು ಒಂದು ಅಕ್ಷರ ಸೇರಿದರೂ ಕ್ಯಾಸೆಟ್ ಕೆಟ್ಟಿತೆಂದು ಲೆಕ್ಕ. ನನ್ನ ತಮ್ಮ ಅದರಲ್ಲಿ ಪ್ರವೀಣ. ಅವನ ನಲವತ್ತು ಕ್ಯಾಸೆಟ್ಟುಗಳಲ್ಲಿ 'ಈಗ' ಎಂಬುದರ 'ಗ' ಕೂಡ ಸಿಕ್ಕುವುದಿಲ್ಲ. ಆ ಹಾಡುಗಳೆಲ್ಲ ಇಂದು ಕೈಯೊಳಗಿನ ಫೋನಿನಲ್ಲಿ ಇನ್ನೂ ಸ್ವಚ್ಛವಾಗಿ ಸಿಗುತ್ತವೆ. ಅವನು ಕತ್ತರಿಸಿ ಬಿಟ್ಟದ್ದು ಎಲ್ಲೂ ಸಿಗುವುದಿಲ್ಲ.

ಟೆಲಿವಿಷನ್ ಬಂದು, 1987ರಲ್ಲಿ ರಾಮಾಯಣ ಶುರುವಾಗಿ, ಭಾನುವಾರದ ಬೆಳಗು ಅದರದಾಯಿತು. ನಡುಮನೆಯ ಮರ್ಫಿ ಅಡುಗೆಮನೆಗೆ ಹೋಯಿತು, ಅಲ್ಲಿಂದ ಅಟ್ಟಕ್ಕೆ. ಅದರ ಗೂಡಿನಲ್ಲಿ ದೇವರ ಪಟ ಬಂತು. ಮಧ್ಯಮ ತರಂಗದ ಎಷ್ಟೋ ಪ್ರೇಷಕಗಳು ಈಗ ನಿಂತಿವೆ. ಕೇಂದ್ರಗಳನ್ನು ಫೋನಿನಲ್ಲೇ ಕೇಳಬಹುದು; ರಾತ್ರಿಯಾಗುವ ತನಕ ಧಾರವಾಡಕ್ಕೆ ಕಾಯಬೇಕಾಗಿಲ್ಲ. ಹಳೆಯ ಸ್ಪೂಲ್ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವೂ ನಡೆದಿದೆ, ಒಳ್ಳೆಯದು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕ್ಯಾಸೆಟ್ಟುಗಳಿದ್ದರೆ ಎಸೆಯುವ ಮೊದಲು ಒಮ್ಮೆ ಕೇಳಿ ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಗೇ ಯಂತ್ರಕ್ಕೆ ಹಾಕಬೇಡಿ, ತಿಳಿದವರ ಕೈಗೆ ಕೊಡಿ. ಇಲ್ಲದಿದ್ದರೆ ನಿಧಾನಕ್ಕೆ ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿಸಿ ಆಮೇಲೆ ಹಾಕಿ. ಅಚ್ಚುಕಟ್ಟಾಗಿ ಮುದ್ರಿಸಿದವರ ಕ್ಯಾಸೆಟ್ಟಿನಲ್ಲಿ ಏನೂ ಸಿಗದು. ಮರೆವಿನವರ ಕ್ಯಾಸೆಟ್ ಹುಡುಕಿ.

ನಮಗೆ ಸಿಕ್ಕಿದ್ದು ಎದುರು ಮನೆಯ ಅತ್ತೆಯವರದು. ಆ ಮನೆ ಮಾರುವಾಗ ಒಂದು ರಟ್ಟಿನ ಪೆಟ್ಟಿಗೆ ನಮಗೆ ಬಂತು. 1986ರದೆಂದು ಒಂದರ ಮೇಲೆ ಅವರದೇ ಅಕ್ಷರದಲ್ಲಿದೆ. ಹಾಡು ಹಿಡಿಯಲು ಗುಂಡಿ ಒತ್ತಿ, ಒಲೆಯ ಕಡೆ ಹೋಗಿ, ಮರೆತಿದ್ದಾರೆ. ಹಾಡು ಮುಗಿಯುತ್ತದೆ, ಟೇಪು ಓಡುತ್ತಲೇ ಇದೆ. ಉದ್ಘೋಷಕಿ ಬಂದು ಚಿತ್ರದ ಹೆಸರು ಹೇಳುತ್ತಾರೆ, ಹಾಡಿದವರ ಹೆಸರು, ಬರೆದವರ ಹೆಸರು. "ಈಗ ಸಮಯ" ಎನ್ನುತ್ತಾರೆ. ಕಾಗದ ಮಗುಚಿದ ಸದ್ದು. ಹಿಂದೆ ಎಲ್ಲೋ ಕುಕ್ಕರು ಕೂಗುತ್ತದೆ, ನಾಯಿ ಬೊಗಳುತ್ತದೆ, ಬೀದಿಯಲ್ಲಿ ಸೊಪ್ಪಿನವಳು. ಎಲ್ಲ ಸೇರಿ ಒಂದೂವರೆ ನಿಮಿಷ.

ಮಗಳು ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಳು. ಎಂಬತ್ತು ದಾಟಿದ ಅಮ್ಮನಿಗೆ ಕಿವಿಗೆ ಸಿಕ್ಕಿಸಿ ಕೇಳಿಸಿದೆವು. ಅಮ್ಮ ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ಹಾಕು ಎಂದಳು. ಎರಡನೆಯ ಸಲ ಮುಗಿದ ಮೇಲೆ, "ಇವರೇ ಕಣೆ ನಮ್ಮಮ್ಮನ ಹೆಸರು ಹೇಳಿದ್ದು. ಪೆನ್ಸಿಲ್ ಹಿಡಿದಿದ್ದರಲ್ಲ, ಅವರೇ" ಎಂದಳು. ಹತ್ತು ವರ್ಷದ ಅಂತರದ ಎರಡು ದನಿ, ನಡುವೆ ಇಷ್ಟು ಕಾಲ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಮ್ಮ ಮೂರನೆಯ ಸಲ ಹಾಕಿಸಿಕೊಂಡಳು. ಈ ಸಲ ಅರ್ಧಕ್ಕೇ ಕಣ್ಣು ಬಿಟ್ಟು, "ಕುಕ್ಕರು ನಾಲ್ಕು ಸಲ ಕೂಗಿತಲ್ಲೇ, ಈ ಮಹಾರಾಯಿತಿ ಒಲೆ ಆರಿಸಲೇ ಇಲ್ಲವಲ್ಲ" ಎಂದಳು.